ಮಡಿಸಿದ ಕಾಗದದಲ್ಲಿ ಮಸಿಯ ಚಿತ್ರ



ಜಡಿಮಳೆ ಹಿಡಿದ ಒಂದು ದಿನ ನಾನು ರೈತರೊಬ್ಬರ ಮನೆಯ ಜಗುಲಿಯಲ್ಲಿ ಕುಳಿತಿದ್ದೆ. ಅವರ ಮಗ ಹಾಳೆಯ ಮೇಲೆ ಮಸಿ ಚೆಲ್ಲಿಕೊಂಡು, ಹೆದರಿ ಅದನ್ನು ಮಡಿಸಿಟ್ಟ. ಬಿಡಿಸಿ ನೋಡಿದರೆ ಎರಡು ರೆಕ್ಕೆಯ ಬಾವಲಿಯಂಥ ಆಕಾರ! ಅಜ್ಜಿ ಅಪಶಕುನವೆಂದರು. ತಂದೆ, ಮಸಿ ದಂಡವಾಯಿತೆಂದು ಕೈಯೆತ್ತಿದರು. ಶಕುನವೂ ಅಲ್ಲ, ದಂಡವೂ ಅಲ್ಲ ಎಂದು ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಮಾಡುವ ಬಗೆ

೧. ಸ್ವಲ್ಪ ದಪ್ಪನೆಯ ಕಾಗದವನ್ನು ಸರಿಯಾಗಿ ನಡುವೆ ಮಡಿಸಿ, ಮಡಿಕೆಯನ್ನು ಉಗುರಿನಿಂದ ಒತ್ತಿ ಬಿಡಿಸಿರಿ. ಹಳೆಯ ವೃತ್ತಪತ್ರಿಕೆ ಬೇಡ. ಮರಳು ನೆಲ ನೀರು ಕುಡಿದಂತೆ ಅದು ಮಸಿಯನ್ನು ಕುಡಿದುಬಿಡುತ್ತದೆ.

೨. ಮಡಿಕೆಯ ಹತ್ತಿರ, ಒಂದೇ ಮಗ್ಗುಲಲ್ಲಿ, ನಾಲ್ಕೈದು ಹನಿ ಮಸಿ ಬಿಡಿರಿ. ಮಸಿ ಇಲ್ಲದಿದ್ದರೆ ನುಣ್ಣಗೆ ಅರೆದ ಇದ್ದಿಲನ್ನೋ ಕೆಮ್ಮಣ್ಣನ್ನೋ ನೀರಿನಲ್ಲಿ ಕದಡಿಕೊಳ್ಳಬಹುದು.

೩. ಒಣಗುವ ಮೊದಲೇ ಮಡಿಸಿ, ಮಡಿಕೆಯಿಂದ ಹೊರಗಡೆಗೆ ಅಂಗೈಯಿಂದ ಮೆಲ್ಲನೆ ಸವರಿರಿ. ಬಿಡಿಸಿ ನೆರಳಿನಲ್ಲಿ ಒಣಗಿಸಿರಿ.

ಎರಡು ಮಗ್ಗುಲೂ ಒಂದೇ ಆಗುವುದೇಕೆ? ಹನಿಯು ಮಡಿಕೆಯಿಂದ ಎಷ್ಟು ದೂರದಲ್ಲಿದೆಯೋ, ಅದರ ಅಚ್ಚು ಆಚೆಗೂ ಅಷ್ಟೇ ದೂರದಲ್ಲಿ ಬೀಳುತ್ತದೆ. ಮಡಿಕೆಯೇ ಕನ್ನಡಿ. ಮಸಿ ಹಸಿಯಾಗಿರುವಾಗಲೇ ಕಾಗದವನ್ನು ಅಡ್ಡಡ್ಡಲಾಗಿ ಇನ್ನೊಮ್ಮೆ ಮಡಿಸಿದರೆ, ಅಂಗಳದ ರಂಗೋಲಿಯಂತೆ ನಾಲ್ಕು ಕಡೆಗೂ ಹೊಂದುವ ಚಿತ್ತಾರ ಬರುತ್ತದೆ. ಲೆಕ್ಕದ ಮೇಷ್ಟರು ಹೇಳುವ ಸಮಾಂಗತೆ ಎಂದರೆ ಇದೇ. ಮಕ್ಕಳು ಇದನ್ನು ಕೈಯಾರೆ ಮಾಡಿದರೆ ಪಾಠ ಬೇಗ ತಲೆಗೆ ಹತ್ತುತ್ತದೆ.

ಹಿಂದೆ ಮಾಡಿದವರು

ಜರ್ಮನಿಯಲ್ಲಿ ಯುಸ್ಟಿನುಸ್ ಕೆರ್ನರ್ ಎಂಬ ವೈದ್ಯಕವಿಗೆ ಮುಪ್ಪಿನಲ್ಲಿ ಕಣ್ಣು ಮಂಜಾಯಿತು. ಬರೆಯುವಾಗ ಕಾಗದದ ಮೇಲೆ ಮಸಿ ಬೀಳುತ್ತಿತ್ತು. ಅವರು ಅದನ್ನು ಎಸೆಯದೆ ಮಡಿಸಿ, ಮೂಡಿದ ಆಕಾರಗಳಿಗೆ ಪದ್ಯ ಕಟ್ಟಿದರು. ಅವರು ೧೮೬೨ರಲ್ಲಿ ತೀರಿಕೊಂಡ ಮೇಲೆ, ೧೮೯೦ರಲ್ಲಿ ಆ ಪುಸ್ತಕ ಅಚ್ಚಾಯಿತು. ಸ್ವಿಟ್ಜರ್ಲೆಂಡಿನ ಮನೋವೈದ್ಯ ಹರ್ಮನ್ ರೋರ್‌ಶಾಕ್ ೧೯೨೧ರಲ್ಲಿ ಇಂಥ ಹತ್ತು ಚಿತ್ರಗಳನ್ನು ಪ್ರಕಟಿಸಿದರು. ಅವನ್ನು ತೋರಿಸಿ, “ಇದು ಏನಿರಬಹುದು?” ಎಂದು ಕೇಳುವುದು ಅವರ ಪರೀಕ್ಷೆ. ಉತ್ತರದಿಂದ ನೋಡುವವನ ಮನಸ್ಸಿನ ರೀತಿಯನ್ನು ತಿಳಿಯಬಹುದೆಂದು ಅವರು ಎಣಿಸಿದ್ದರು. ಆ ಪರೀಕ್ಷೆಯನ್ನು ಎಷ್ಟು ನಂಬಬೇಕೆಂಬ ಬಗ್ಗೆ ಬಲ್ಲವರಲ್ಲೇ ವಾದವಿದೆ. ಅದು ತರಬೇತಾದವರ ಕೆಲಸ, ನಮ್ಮದಲ್ಲ.

ನೆನಪಿಡಬೇಕಾದ ಮಾತು

ಮಸಿಗೆ ಮುಂದಾಗುವುದು ಗೊತ್ತಿಲ್ಲ. ಒಂದೇ ಕಲೆಯಲ್ಲಿ ನಿಮಗೆ ಎತ್ತಿನ ಮುಖ ಕಂಡರೆ ಮಗುವಿಗೆ ಚಿಟ್ಟೆ ಕಾಣುತ್ತದೆ. ಆಕಾರ ಕೊಡುವುದು ನಮ್ಮ ಮನಸ್ಸೇ. ಇಂಥ ಗುರುತು ನೋಡಿ ಭವಿಷ್ಯ ಹೇಳುತ್ತೇನೆಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ. ಮಗು ಭೂತ ಕಂಡಿತೆಂದರೂ ಗಾಬರಿಬಿದ್ದು ತಾಯತ ಕಟ್ಟಿಸಬೇಡಿ. ಮಸಿ ಚೆಲ್ಲಿದ ಮಗುವನ್ನು ಹೊಡೆಯುವ ಮೊದಲು, “ಇದರಲ್ಲಿ ನಿನಗೇನು ಕಾಣುತ್ತದೆ?” ಎಂದು ಕೇಳಿರಿ.

ಆ ದಿನ ಅಜ್ಜಿಯ ಕೈಯಿಂದಲೇ ಇನ್ನೊಂದು ಚಿತ್ರ ಮಾಡಿಸಿದೆವು. ಬಿಡಿಸಿ ನೋಡಿದ ಅಜ್ಜಿ, “ಅಯ್ಯೋ, ಇದು ನಮ್ಮ ಗೌರಿ ಹಸುವಿನ ಮುಖ ಕಣೋ!” ಎಂದು ನಕ್ಕರು. ಆ ಹಾಳೆ ಈಗ ಅವರ ಮನೆಯ ಗೋಡೆಯ ಮೇಲಿದೆ.