ಏರ್ ರೈಫಲ್ ಗುರಿ ತಪ್ಪುತ್ತಿದೆಯಾ? ಗನ್ ಬದಲಿಸುವ ಮುನ್ನ ಇಷ್ಟು ನೋಡಿ

ಚಾಮರಾಜನಗರ: ಜಾತ್ರೆಯ ಬಲೂನ್ ಅಂಗಡಿಯಲ್ಲಿ ಗುರಿ ತಪ್ಪಿದವರೆಲ್ಲ ಹೇಳೋದು ಒಂದೇ ಮಾತು, ‘ಗನ್ನೇ ಸರಿ ಇಲ್ಲ’. ಮಕ್ಕಳ ಶೂಟಿಂಗ್ ಅಭ್ಯಾಸಕ್ಕೆ ಅಂತ ದುಡ್ಡು ಕೊಟ್ಟು ಏರ್ ರೈಫಲ್ ತಂದ ಮನೆಗಳಲ್ಲೂ ಇದೇ ದೂರು ಬರುತ್ತದೆ. ಆದರೆ ಸಾಮಾನ್ಯವಾಗಿ ತಪ್ಪು ನಳಿಕೆಯದ್ದಲ್ಲ. ಸಡಿಲ ಸ್ಕ್ರೂ, ಹೊಂದದ ಪೆಲೆಟ್, ಸರಿಯಿಲ್ಲದ ಹಿಡಿತ, ಈ ಮೂರರಲ್ಲಿ ಒಂದು ಕಾರಣ ಇರುತ್ತದೆ. ಮೂರನ್ನೂ ಮನೆಯಲ್ಲೇ ಸರಿಪಡಿಸಬಹುದು.

ಅಮೆರಿಕದಂಥ ದೇಶಗಳಲ್ಲಿ ಮಕ್ಕಳಿಗೆಂದೇ ಗಿಡ್ಡ ಹಿಡಿಯ ಬೇಟೆ ರೈಫಲ್ ಮಾರುತ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಗೆ ಜಾಗವಿಲ್ಲ. ಹಾಗಾಗಿ ಇಲ್ಲಿ ಮಕ್ಕಳ ಕೈಗೆ ಬರೋದು ಕಾಗದದ ಗುರಿಗೆ ಹೊಡೆಯುವ ಏರ್ ರೈಫಲ್. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. ಒಳಗಿನ ನಳಿಕೆ, 20 ಜೌಲ್ ಒಳಗಿನ ಶಕ್ತಿ ಇದ್ದರೆ ಲೈಸೆನ್ಸ್ ಬೇಡ. ಅದಕ್ಕಿಂತ ಹೆಚ್ಚಿನದಕ್ಕೆ ಬೇಕೇ ಬೇಕು. ಕೊಳ್ಳುವಾಗ ಈ ಎರಡು ಅಂಕಿ ನೋಡಿಕೊಳ್ಳಿ, ಬಿಲ್ ಜೋಪಾನವಾಗಿಡಿ.

ಮೊದಲು ಐದು ಗುಂಡಿನ ಪರೀಕ್ಷೆ

10 ಮೀಟರ್ ದೂರದಲ್ಲಿ ಬಿಳಿ ಹಾಳೆ ಅಂಟಿಸಿ, ನಡುವೆ ಚುಕ್ಕೆ ಇಟ್ಟು ಐದು ಗುಂಡು ಹೊಡೆಯಿರಿ. ಐದೂ ಒಂದೇ ಕಡೆ ಗುಂಪಾಗಿ ಬಿದ್ದು, ಚುಕ್ಕೆಯಿಂದ ದೂರ ಇದ್ದರೆ ರೈಫಲ್ ಚೆನ್ನಾಗಿದೆ, ಸೈಟ್ ಮಾತ್ರ ಹೊಂದಿಸಬೇಕು. ಗುಂಡು ಯಾವ ಕಡೆ ಹೋಗಬೇಕೋ ಹಿಂದಿನ ಸೈಟನ್ನು ಅದೇ ಕಡೆ ಸರಿಸಿ. ಮೇಲೆ ಬೀಳಬೇಕಾದರೆ ಮೇಲೆತ್ತಿ. ಐದು ಗುಂಡು ಐದು ದಿಕ್ಕಿಗೆ ಚದುರಿದ್ದರೆ ಸೈಟ್ ಮುಟ್ಟಬೇಡಿ. ಮುಂದಿನದನ್ನು ಒಂದೊಂದಾಗಿ ನೋಡಿ.

ಸ್ಕ್ರೂ: ಸ್ಪ್ರಿಂಗ್ ರೈಫಲ್ ಪ್ರತಿ ಸಲ ಹೊಡೆದಾಗಲೂ ಹಿಂದಕ್ಕೂ ಮುಂದಕ್ಕೂ ಜರ್ಕ್ ಹೊಡೆಯುತ್ತದೆ. ಇದರಿಂದ ಹಿಡಿಯ ಸ್ಕ್ರೂ, ಸೈಟಿನ ಸ್ಕ್ರೂ ಸಡಿಲವಾಗುತ್ತವೆ. ಗನ್ ಖಾಲಿ ಇದೆ ಅಂತ ಖಾತ್ರಿ ಮಾಡಿಕೊಂಡು ಎಲ್ಲವನ್ನೂ ಸಮನಾಗಿ ಬಿಗಿ ಮಾಡಿ. ಸ್ಕೋಪ್ ಇದ್ದರೆ ಅದರ ಕ್ಲಾಂಪ್ ಹಿಂದಕ್ಕೆ ಜಾರಿದೆಯಾ ನೋಡಿ.

ಪೆಲೆಟ್: ಸೀಸದ ಪೆಲೆಟ್ ಮೆತ್ತಗಿರುತ್ತದೆ. ಡಬ್ಬಿ ಕೆಳಗೆ ಬಿದ್ದರೆ ಅಂಚು ಸೊಟ್ಟಗಾಗುತ್ತದೆ, ಸೊಟ್ಟಗಾದದ್ದು ನೇರ ಹೋಗೋದಿಲ್ಲ. ಗಾಜಿನ ಮೇಲೆ ಉರುಳಿಸಿದರೆ ಗೊತ್ತಾಗುತ್ತದೆ. ಕಾಗದದ ಗುರಿಗೆ ಚಪ್ಪಟೆ ತಲೆಯ ಪೆಲೆಟ್ ಒಳ್ಳೆಯದು. ಎರಡು ಮೂರು ಬಗೆ ತಂದು ಹೊಡೆದು ನೋಡಿ, ಚಿಕ್ಕ ಗುಂಪು ಕೊಡುವುದನ್ನೇ ಬಳಸಿ. ಅಂಗಡಿಯವರು ಬೇರೆ ಬೇರೆ ತೂಕದ ಪೆಲೆಟ್ ಬೆರೆಸಿ ಬಿಡಿಯಾಗಿ ಕೊಟ್ಟರೆ ಗಿರಾಕಿ ಗನ್ನನ್ನೇ ಬೈಯುತ್ತಾನೆ. ಸೀಸ ಮುಟ್ಟಿದ ಮೇಲೆ ಮಕ್ಕಳು ಕೈ ತೊಳೆಯಲೇಬೇಕು.

ಎಣ್ಣೆ ಬೇಡ: ನಳಿಕೆಗೆ ಕೊಬ್ಬರಿ ಎಣ್ಣೆಯನ್ನಾಗಲಿ, ಹೊಲಿಗೆ ಮಿಷನ್ ಎಣ್ಣೆಯನ್ನಾಗಲಿ ಬಿಡಬೇಡಿ. ಗಾಳಿ ಒತ್ತಿದಾಗ ಒಳಗೆ ಶಾಖ ಹೆಚ್ಚಿ ಎಣ್ಣೆ ಹೊತ್ತಿಕೊಳ್ಳುತ್ತದೆ. ಒಂದು ಗುಂಡು ಜೋರಾಗಿ, ಇನ್ನೊಂದು ನಿಧಾನವಾಗಿ ಹೋಗುತ್ತದೆ, ಒಳಗಿನ ಸೀಲ್ ಕೂಡ ಹಾಳು. ಒಣ ಬಟ್ಟೆ ತುಂಡನ್ನು ದಾರಕ್ಕೆ ಕಟ್ಟಿ ಎಳೆದರೆ ಸಾಕು. ಪೆಲೆಟ್ ಇಲ್ಲದೆ ಖಾಲಿ ಹೊಡೆಯೋದೂ ಸೀಲ್‌ಗೆ ಏಟು. ಸ್ಪ್ರಿಂಗ್ ಬಿಚ್ಚುವ ಸಾಹಸವಂತೂ ಬೇಡ. ಅದು ಸಿಡಿದರೆ ಕಣ್ಣೇ ಹೋಗಬಹುದು, ರಿಪೇರಿ ಬಲ್ಲವರಿಗೇ ಬಿಡಿ.

ಹಿಡಿತ: ಇಲ್ಲೇ ಹೆಚ್ಚಿನವರು ಎಡವೋದು. ಗುಂಡು ನಳಿಕೆ ಬಿಡುವ ಮೊದಲೇ ರೈಫಲ್ ಅಲುಗುತ್ತದೆ. ಗಟ್ಟಿಯಾಗಿ ಅದುಮಿ ಹಿಡಿದರೆ ಅಥವಾ ಟೇಬಲ್ ಮೇಲೆ ನೇರ ಇಟ್ಟರೆ ಪ್ರತಿ ಸಲ ಬೇರೆ ಬೇರೆ ರೀತಿ ಎಗರುತ್ತದೆ. ಮುಂದಿನ ಅಂಗೈ ಮೇಲೆ ಹಗುರವಾಗಿ ಕೂರಿಸಿ, ಪ್ರತಿ ಸಲ ಅದೇ ಜಾಗದಲ್ಲಿ ಹಿಡಿಯಿರಿ. ಟ್ರಿಗರ್ ಮೆಲ್ಲಗೆ ಒತ್ತಿ, ಗುಂಡು ಹೋದ ಮೇಲೂ ಒಂದು ಕ್ಷಣ ಗುರಿ ನೋಡುತ್ತಿರಿ.

ಅಳತೆ: ದೊಡ್ಡವರ ಅಳತೆಯ ರೈಫಲ್ ಮಗುವಿಗೆ ಹೊಂದೋದಿಲ್ಲ. ಹಿಡಿಯ ತುದಿಯನ್ನು ಮೊಣಕೈ ಮಡಿಕೆಗೆ ಇಟ್ಟಾಗ ಬೆರಳು ಟ್ರಿಗರ್‌ಗೆ ಆರಾಮಾಗಿ ತಲುಪಬೇಕು. ತಲುಪದಿದ್ದರೆ ಕೆನ್ನೆ ಒಂದೊಂದು ಸಲ ಒಂದೊಂದು ಕಡೆ ಕೂರುತ್ತದೆ, ಗುರಿಯೂ ಹಾಗೇ ಓಡಾಡುತ್ತದೆ. ಗಿಡ್ಡ ಹಿಡಿಯದ್ದನ್ನು ಕೊಳ್ಳುವುದೇ ಇದಕ್ಕೆ ಪರಿಹಾರ.

ಕಾಡಂಚಿನವರಿಗೆ ಎಚ್ಚರಿಕೆ

ಗುರಿ ಸರಿಹೋದ ಮೇಲೆ ಹುಡುಗರ ಕಣ್ಣು ಮರದ ಮೇಲಿನ ಗಿಳಿ, ಹೊಲಕ್ಕೆ ಬಂದ ನವಿಲಿನ ಮೇಲೆ ಹೋಗುತ್ತದೆ. ನವಿಲಿಗೆ ಕಾಯ್ದೆಯಲ್ಲಿ ಅತಿ ಹೆಚ್ಚಿನ ರಕ್ಷಣೆ ಇದೆ. ಕೊಲ್ಲಲು ಪ್ರಯತ್ನಿಸಿದರೂ ಅದು ಬೇಟೆಯೇ, ಕೇಸು ಜೈಲಿನ ತನಕ ಹೋಗಬಹುದು. ‘ಲೈಸೆನ್ಸ್ ಬೇಡದ ಗನ್ ಅಲ್ವಾ’ ಅನ್ನೋ ಮಾತು ಅಲ್ಲಿ ನಡೆಯೋದಿಲ್ಲ. ಅನುಮತಿಯಿಲ್ಲದೆ ರಾಷ್ಟ್ರೀಯ ಉದ್ಯಾನ, ಅಭಯಾರಣ್ಯದೊಳಗೆ ಯಾವುದೇ ಆಯುಧ ಒಯ್ಯುವುದಕ್ಕೂ ನಿಷೇಧವಿದೆ. ಗುಂಡ್ಲುಪೇಟೆಯಿಂದ ಬಂಡೀಪುರ ದಾಟಿ ಊಟಿ, ಕೇರಳದ ಕಡೆ ಹೋಗುವವರು ಡಿಕ್ಕಿಯಲ್ಲಿ ಏರ್ ರೈಫಲ್ ಇಟ್ಟುಕೊಳ್ಳದಿರುವುದೇ ಕ್ಷೇಮ.

ಹಂದಿ ಓಡಿಸಲೂ ಇದು ಆಗೋದಿಲ್ಲ. ಸಣ್ಣ ಪೆಲೆಟ್‌ಗೆ ಹಂದಿ ಹೆದರೋದಿಲ್ಲ, ಗಾಯ ಮಾತ್ರ ಆಗುತ್ತದೆ. ಬೆಳೆ ಹಾನಿಯಾದರೆ ಫೋಟೊ ತೆಗೆದು ವಲಯ ಅರಣ್ಯಾಧಿಕಾರಿ ಕಚೇರಿಗೆ ಪರಿಹಾರದ ಅರ್ಜಿ ಕೊಡಿ.

ಹೊಡೆಯುವ ಜಾಗ

ಕಲ್ಲು, ಕಬ್ಬಿಣ, ಗಟ್ಟಿ ಹಲಗೆಗೆ ಹೊಡೆದರೆ ಪೆಲೆಟ್ ವಾಪಸ್ ಬರುತ್ತದೆ. ಹಳೇ ಪೇಪರ್, ಬಟ್ಟೆ ಬಿಗಿಯಾಗಿ ತುಂಬಿದ ಪೆಟ್ಟಿಗೆ, ಅದರ ಹಿಂದೆ ಮಣ್ಣಿನ ಗೋಡೆ ಇರಲಿ. ಕಣ್ಣಿಗೆ ಕನ್ನಡಕ, ಪಕ್ಕದಲ್ಲಿ ದೊಡ್ಡವರೊಬ್ಬರು ಕಡ್ಡಾಯ. ಮುಗಿದ ಮೇಲೆ ರೈಫಲ್ ಬೀರುವಿನಲ್ಲಿ, ಕೀಲಿ ದೊಡ್ಡವರ ಹತ್ತಿರ.

2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ 10 ಮೀಟರ್ ಏರ್ ರೈಫಲ್‌ನಲ್ಲಿ. ಅಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಬರೀ ಅರ್ಧ ಮಿಲಿಮೀಟರ್. ಹುಡುಗರಿಗೆ ಸವಾಲು ಬೇಕಿದ್ದರೆ ಆ ಚುಕ್ಕೆಯೇ ಸಾಕು.