ನಡುಮನೆಗೆ ಬಂದ ಮುತ್ತಜ್ಜಿಯ ಹಾಡು

ಮಕ್ಕಳೇ, ನಿಮಗೊಂದು ವಿಷಯ ಗೊತ್ತೇ? 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ವಿದ್ಯುತ್ ತಯಾರಿಸಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಂತಿಯ ಮೂಲಕ ಕಳಿಸಿದರು. ಅದೇ ತಾಲ್ಲೂಕಿನ ನಮ್ಮ ಮನೆಯಲ್ಲಿ ಕಳೆದ ಬೇಸಿಗೆ ರಜೆಯಲ್ಲಿ, ಮುಂದಿನ ಕೋಣೆಯಿಂದ ನಡುಮನೆಗೆ ಒಂದು ಮದುವೆ ವಿಡಿಯೊ ತಲುಪಿಸಲು ನಾವು ನಾಲ್ಕು ದಿನ ಪಾಡುಪಟ್ಟೆವು. ದೂರ ಎಷ್ಟು ಅಂತೀರಾ? ಹದಿನೈದು ಹೆಜ್ಜೆ!

ಆ ವಿಡಿಯೊ ನಮ್ಮ ಅಕ್ಕನ ಮದುವೆಯದು. 1994ರಲ್ಲಿ ತೆಗೆಸಿದ ವಿಎಚ್‌ಎಸ್ ಕ್ಯಾಸೆಟ್ಟು. ಅದರೊಳಗೆ ನನ್ನ ಅಪ್ಪನ ತಾಯಿ, ಅಂದರೆ ನನ್ನ ಮಗಳಿಗೆ ಮುತ್ತಜ್ಜಿ, ಹಸೆಮಣೆಯ ಪಕ್ಕ ಕೂತು ಸೋಬಾನೆ ಹಾಡಿದ್ದಾರೆ. ಅವರ ದನಿ ಇರುವುದು ಅದೊಂದರಲ್ಲೇ. ಕ್ಯಾಸೆಟ್ಟಿನ ಸುರುಳಿಗೆ ಬೂಸ್ಟು ಹಿಡಿಯಲು ಶುರುವಾಗಿತ್ತು. ಮದ್ದೂರಿನ ಸ್ಟುಡಿಯೊ ಒಂದಕ್ಕೆ ಕೊಟ್ಟು ಕಂಪ್ಯೂಟರ್ ಕಡತ ಮಾಡಿಸಿಕೊಂಡು ಬಂದೆವು. ಸುರುಳಿ ಅಲ್ಲಲ್ಲಿ ಅಂಟಿಕೊಂಡಿತ್ತಂತೆ. ಇನ್ನೆರಡು ಮಳೆಗಾಲ ಬಿಟ್ಟಿದ್ದರೆ ಏನೂ ಉಳಿಯುತ್ತಿರಲಿಲ್ಲ.

ನಮ್ಮದು ಹಳೆಯ ಹಂಚಿನ ಮನೆ. ಮಣ್ಣಿನ ಗೋಡೆಗಳು, ಒಂದೊಂದೂ ಒಂದೂವರೆ ಅಡಿ ದಪ್ಪ. ಇಂಟರ್ನೆಟ್ ಪೆಟ್ಟಿಗೆ, ಅಂದರೆ ರೂಟರ್, ಮುಂದಿನ ಕೋಣೆಯಲ್ಲಿದೆ. ಕಡತಗಳನ್ನೆಲ್ಲ ತುಂಬಿಟ್ಟ ದೊಡ್ಡ ಕಂಪ್ಯೂಟರೂ ಅಲ್ಲೇ ಇದ್ದು, ರೂಟರ್‌ಗೆ ತಂತಿಯಲ್ಲೇ ಸೇರಿಕೊಂಡಿದೆ. ಟಿವಿ ಇರುವುದು ನಡುಮನೆಯಲ್ಲಿ, ತಾತನ ಮಂಚದ ಎದುರು. ಟಿವಿಯ ಪಕ್ಕದಲ್ಲಿ ನನ್ನ ಹಳೆಯ ಚಿಕ್ಕ ಕಂಪ್ಯೂಟರ್ ಇಟ್ಟು, ಎಚ್‌ಡಿಎಂಐ ಕೇಬಲ್ಲಿನಿಂದ ಟಿವಿಗೆ ಸೇರಿಸಿ, ಅದಕ್ಕೆ ಕೋಡಿ ಎಂಬ ಉಚಿತ ತಂತ್ರಾಂಶ ಹಾಕಿದೆವು. ಮನೆಯಲ್ಲಿರುವ ಸಿನಿಮಾ, ಹಾಡು, ಫೋಟೊಗಳನ್ನೆಲ್ಲ ಟಿವಿಯ ಮೇಲೆ ಸಾಲಾಗಿ ತೋರಿಸುವ ತಂತ್ರಾಂಶ ಅದು. ಇಂಥ ಏರ್ಪಾಡಿಗೇ 'ಹೋಮ್ ಥಿಯೇಟರ್ ಕಂಪ್ಯೂಟರ್' ಅನ್ನುವುದು.

ಎಲ್ಲ ಸಿದ್ಧವಾಯಿತು. ತಾತ ಪಂಚೆ ಸರಿಮಾಡಿಕೊಂಡು ಕೂತರು. ಚಪ್ಪರ ಕಾಣಿಸಿತು, ಓಲಗ ಕೇಳಿಸಿತು. ಅಷ್ಟೇ. ಪರದೆಯ ನಡುವೆ ಬಿಳಿ ಚಕ್ರ ತಿರುಗತೊಡಗಿತು. ಹತ್ತು ಸೆಕೆಂಡು ಓಡುವುದು, ಇಪ್ಪತ್ತು ಸೆಕೆಂಡು ನಿಲ್ಲುವುದು. ಮುತ್ತಜ್ಜಿ ಬರುವಷ್ಟರಲ್ಲಿ ತಾತ ನಿದ್ದೆಹೋಗಿದ್ದರು.

ದೊಡ್ಡ ಪ್ಲಾನ್ ಬೇಕೇ?

ನೋಡಿದವರೆಲ್ಲ ಒಂದೇ ಮಾತು ಹೇಳಿದರು: "ಇಂಟರ್ನೆಟ್ ಸ್ಪೀಡ್ ಸಾಲದು, ದೊಡ್ಡ ಪ್ಲಾನ್ ಹಾಕಿಸಿ." ನಾನೂ ಹಣ ಕಟ್ಟಲು ಫೋನ್ ಕೈಗೆತ್ತಿಕೊಂಡಿದ್ದೆ. ಆಗ ಏಳನೇ ತರಗತಿಯ ನನ್ನ ಮಗಳು ಕೇಳಿದಳು: "ಅಪ್ಪ, ವಿಡಿಯೊ ನಮ್ಮ ಮನೆ ಕಂಪ್ಯೂಟರಲ್ಲೇ ಇದೆಯಲ್ಲ. ಅದು ಹೊರಗಿನಿಂದ ಯಾಕೆ ಬರಬೇಕು?"

ತಾತ ಎದ್ದು ಕೂತರು. ಅವರ ಗದ್ದೆ ಇರುವುದು ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದಲ್ಲಿ. ಕನ್ನಂಬಾಡಿ ಕಟ್ಟೆಯಿಂದ ಹೊರಡುವ ನೀರು ಮಂಡ್ಯ ದಾಟಿ ಮದ್ದೂರು, ಮಳವಳ್ಳಿ ಕಡೆಯ ಕೊನೆಯ ಗದ್ದೆಗೆ ಬರುವ ಹೊತ್ತಿಗೆ ಏನಾಗುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ.

"ಕಟ್ಟೇಲಿ ನೀರು ತುಂಬಿದ್ರೆ ನಮ್ಮ ಗದ್ದೆಗೆ ಬಂದುಬಿಡ್ತದಾ ಮಗ?" ಅಂದರು. "ನಡುವೆ ಕಾಲುವೇಲಿ ಹೂಳು ಕೂತಿದ್ರೆ, ಮೇಲಿಂದ ಎಷ್ಟು ಬಿಟ್ಟರೂ ಅಷ್ಟೇಯ. ಮೊದಲು ನೀರು ಎಲ್ಲಿ ನಿಂತದೆ ಅಂತ ತೂಬಿನಿಂದ ನಡ್ಕೊಂಡು ಬಂದು ನೋಡ್ಬೇಕು ಕಣವ್ವ."

ಹಾಗೆಯೇ ನಡೆದು ನೋಡುವುದೆಂದು ತೀರ್ಮಾನವಾಯಿತು. ಪ್ಲಾನಿನ ಹಣ ಉಳಿಯಿತು.

ತೂಬಿನಿಂದ ಗದ್ದೆಯವರೆಗೆ

ಮೊದಲ ಪರೀಕ್ಷೆ: ವಿಡಿಯೊವನ್ನು ಅದು ಇರುವ ಮುಂದಿನ ಕೋಣೆಯ ಕಂಪ್ಯೂಟರಿನಲ್ಲೇ ಓಡಿಸಿದೆವು. ಚೆನ್ನಾಗಿ ಓಡಿತು. ಅಂದರೆ ಕಡತ ಕೆಟ್ಟಿಲ್ಲ.

ಎರಡನೆಯದು: ಅದೇ ಕಡತವನ್ನು ಪೆನ್‌ಡ್ರೈವಿಗೆ ಹಾಕಿ, ಟಿವಿ ಪಕ್ಕದ ಚಿಕ್ಕ ಕಂಪ್ಯೂಟರಿಗೆ ಚುಚ್ಚಿ ಓಡಿಸಿದೆವು. ಅದೂ ಓಡಿತು. ಹಳೆಯದಾದರೂ ಆ ಕಂಪ್ಯೂಟರಿಗೆ ಶಕ್ತಿ ಇದೆ, ಟಿವಿಯೂ ಸರಿಯಿದೆ. ಆದರೆ ದನಿ ಮಾತ್ರ ಇಲ್ಲ! ನೋಡಿದರೆ ಕಂಪ್ಯೂಟರ್ ತನ್ನ ಸ್ಪೀಕರ್ ಕಿಂಡಿಗೇ ದನಿ ಕಳಿಸುತ್ತಿತ್ತು. ಅಲ್ಲಿ ಸ್ಪೀಕರೇ ಇರಲಿಲ್ಲ. ಸೆಟ್ಟಿಂಗಿನಲ್ಲಿ 'ಎಚ್‌ಡಿಎಂಐ' ಎಂದು ಆರಿಸಿದ ಕೂಡಲೇ ಓಲಗ ಮೊಳಗಿತು.

ಮೂರನೆಯದು: ಚಿಕ್ಕ ಕಂಪ್ಯೂಟರನ್ನು ಎತ್ತಿಕೊಂಡು ಹೋಗಿ ರೂಟರಿನ ಪಕ್ಕದಲ್ಲೇ ಇಟ್ಟು, ವೈಫೈ ಮೂಲಕ ಓಡಿಸಿದೆವು. ಎಲ್ಲೂ ನಿಲ್ಲಲಿಲ್ಲ. ನಡುಮನೆಗೆ ತಂದರೆ ಮತ್ತೆ ಚಕ್ರ.

"ಸಿಕ್ಕಿತು ಹೂಳು! ಗೋಡೆ!" ಅಂದಳು ಮಗಳು.

ಬರೀ ಗೋಡೆಯಲ್ಲ. ರೂಟರಿನ ಮುಂದೆಯೇ ಅಜ್ಜಿಯ ಕಬ್ಬಿಣದ ಬೀರು ನಿಂತಿತ್ತು. ವೈಫೈ ಅಂದರೆ ರೇಡಿಯೊ ಅಲೆ. ಲೋಹದ ಹಲಗೆಯನ್ನು ಅದು ದಾಟಲಾರದು, ದಪ್ಪ ಗೋಡೆ ದಾಟುವಾಗ ಸೊರಗುತ್ತದೆ. ಇದರಲ್ಲಿ ಸಾಮಾನ್ಯವಾಗಿ ಎರಡು ಬಗೆ: 2.4 ಗಿಗಾಹರ್ಟ್ಸ್ ಅಲೆ ಗೋಡೆಗಳನ್ನು ಹೆಚ್ಚು ದಾಟುತ್ತದೆ, ಆದರೆ ನಿಧಾನ. 5 ಗಿಗಾಹರ್ಟ್ಸ್ ಅಲೆಗೆ ವೇಗ ಹೆಚ್ಚು, ಗೋಡೆ ಕಂಡರೆ ಬೇಗ ಸುಸ್ತು.

ಒಂದು ಸಣ್ಣ ಲೆಕ್ಕ

ಮಕ್ಕಳೇ, ಈಗ ಪೆನ್ಸಿಲ್ ತೆಗೆದುಕೊಳ್ಳಿ. ನಮ್ಮ ವಿಡಿಯೊ ಒಂದು ಗಂಟೆಯದು, ಕಡತದ ಗಾತ್ರ 3.6 ಜಿಬಿ, ಅಂದರೆ ಸುಮಾರು 3600 ಮೆಗಾಬೈಟ್. ಗಂಟೆಗೆ 3600 ಸೆಕೆಂಡು. ಆದ್ದರಿಂದ ಪ್ರತಿ ಸೆಕೆಂಡಿಗೆ 1 ಮೆಗಾಬೈಟ್ ಬರಬೇಕು. ಇಂಟರ್ನೆಟ್ಟಿನವರು ವೇಗವನ್ನು ಬೈಟಿನಲ್ಲಿ ಹೇಳುವುದಿಲ್ಲ, ಬಿಟ್‌ನಲ್ಲಿ ಹೇಳುತ್ತಾರೆ. 8 ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ ನಮಗೆ ಬೇಕಾದದ್ದು ಸೆಕೆಂಡಿಗೆ 8 ಮೆಗಾಬಿಟ್.

ನಡುಮನೆಯಲ್ಲಿ ಅಳೆದಾಗ ಸಿಕ್ಕಿದ್ದು 2. ಬೀರು ಸರಿಸಿ, ರೂಟರನ್ನು ಎತ್ತರದ ಗೂಡಿಗೆ ಏರಿಸಿದ ಮೇಲೆ 5. ಒಂದು ರೂಪಾಯಿ ಖರ್ಚಿಲ್ಲದೆ ಎರಡೂವರೆ ಪಟ್ಟಾಯಿತು. ಆದರೂ ಇನ್ನೂ 3 ಕಡಿಮೆ. ಮನೆಗೆ ಬರುತ್ತಿದ್ದ ಇಂಟರ್ನೆಟ್ಟೋ 40 ಮೆಗಾಬಿಟ್! ಅದನ್ನು 100 ಮಾಡಿಸಿದ್ದರೂ ಈ 3ರ ಕೊರತೆ ತುಂಬುತ್ತಿರಲಿಲ್ಲ.

ಅಟ್ಟದ ಮೇಲಿನ ಕಾಲುವೆ

ಉಳಿದದ್ದು ಒಂದೇ ದಾರಿ: ತಂತಿ. ಮಗಳು ಚೌಕುಳಿ ಹಾಳೆಯಲ್ಲಿ ಮನೆಯ ನಕ್ಷೆ ಬರೆದಳು. ಗೋಡೆ, ಬಾಗಿಲು, ಕರೆಂಟಿನ ಸಾಕೆಟ್ಟು ಎಲ್ಲ ಗುರುತಿಸಿ ದಾರದಿಂದ ಅಳೆದಾಗ ಅಟ್ಟದ ಮೇಲಿನ ದಾರಿ 18 ಮೀಟರ್ ಆಯಿತು. ಈ ಕೇಬಲ್ಲನ್ನು 100 ಮೀಟರ್‌ವರೆಗೂ ಎಳೆಯಬಹುದು. ಮಂಡ್ಯದಿಂದ 'ಕ್ಯಾಟ್ 6' ಕೇಬಲ್ 22 ಮೀಟರ್ ತಂದೆವು. ತಿರುವು, ತುದಿಗಳಿಗೆ ಸ್ವಲ್ಪ ಹೆಚ್ಚೇ ಇರಬೇಕು.

"ಬರೀ ತಂತಿ ಹಾಕಿದ್ರೆ ಇಲಿ ಬಿಡ್ತವಾ?" ಅಂದರು ತಾತ. ನಿಜವೇ. ಹಾಗಾಗಿ ಪಿವಿಸಿ ಕೊಳವೆಯೊಳಗೆ ಎಳೆದೆವು. ಕರೆಂಟಿನ ತಂತಿ ಇರುವ ಕೊಳವೆಗೆ ಮಾತ್ರ ಇದನ್ನು ಸೇರಿಸಬಾರದು, ಅದು ಅಪಾಯ. ಅಟ್ಟ ಹತ್ತುವ ಕೆಲಸವೂ ಮಕ್ಕಳದಲ್ಲ, ದೊಡ್ಡವರದು.

ಕೇಬಲ್ಲಿನೊಳಗೆ ಎಂಟು ಎಳೆ ತಾಮ್ರ. ತುದಿಯ ಪ್ಲಗ್ಗಿನಲ್ಲಿ ಅವನ್ನು ಈ ಸಾಲಿನಲ್ಲಿ ಕೂರಿಸಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಯಲ್ಲಿ ಸಾಲು ಒಂದೇ ಇರಲಿ. ಮಗಳು ಎರಡೇ ಸಲಕ್ಕೆ ಬಾಯಿಪಾಠ ಮಾಡಿಕೊಂಡಳು.

ನಾನು ಪ್ಲಗ್ಗು ಒತ್ತಿದೆ. ಕಂಪ್ಯೂಟರ್ 1000 ತೋರಿಸುವ ಬದಲು 100 ಎಂದು ತೋರಿಸಿತು. ನಮಗೆ ಬೇಕಾದ 8ಕ್ಕೆ 100 ಧಾರಾಳ. ಆದರೆ 100ಕ್ಕೆ ನಾಲ್ಕು ಎಳೆ ಸಾಕು, 1000ಕ್ಕೆ ಎಂಟೂ ಬೇಕು. ಅಂದರೆ ಎಲ್ಲೋ ಒಂದು ಎಳೆ ಸರಿಯಾಗಿ ಕೂತಿಲ್ಲ. ಇವತ್ತು ಒಂದು ಸಡಿಲವಿದ್ದರೆ ನಾಳೆ ಇನ್ನೊಂದು. ಪ್ಲಗ್ಗು ಕತ್ತರಿಸಿ ಮತ್ತೆ ಹಾಕಿದೆ. 1000 ಬಂತು.

ಕರೆಂಟು ಹೋಗಿ ಬಂದಾಗ

ಮಾರನೆಯ ದಿನ ಕರೆಂಟು ಹೋಗಿ ಬಂದ ಮೇಲೆ ಟಿವಿಯಲ್ಲಿ 'ಕಡತ ಸಿಗುತ್ತಿಲ್ಲ' ಎಂಬ ಹೊಸ ತಕರಾರು. ರೂಟರ್ ಮನೆಯ ಪ್ರತಿ ಯಂತ್ರಕ್ಕೂ 192.168.1.5 ಎಂಬಂಥ ಒಂದು ವಿಳಾಸ ಕೊಡುತ್ತದೆ. ಕರೆಂಟು ಹೋಗಿ ಬಂದಾಗ ಕೆಲವು ಸಲ ಆ ವಿಳಾಸ ಬದಲಾಗುತ್ತದೆ. ಟಿವಿಯ ಕಂಪ್ಯೂಟರ್ ಹಳೆಯ ವಿಳಾಸದ ಬಾಗಿಲನ್ನೇ ತಟ್ಟುತ್ತಿತ್ತು. ರೂಟರಿನ ಸೆಟ್ಟಿಂಗಿನಲ್ಲಿ ಮುಂದಿನ ಕೋಣೆಯ ಕಂಪ್ಯೂಟರಿಗೆ ಒಂದೇ ವಿಳಾಸವನ್ನು ಕಾಯಂ ಮಾಡಿದೆವು. ತಕರಾರು ನಿಂತಿತು. ಗುಡುಗು ಸಿಡಿಲಿನ ಮಳೆ ಬರುವ ಮುನ್ನ ಪ್ಲಗ್ಗುಗಳನ್ನು ಕಿತ್ತಿಡುವ ಕೆಲಸ ಈಗ ತಾತನದು.

ಕಡತದ ಇನ್ನೊಂದು ಪ್ರತಿಯನ್ನು ಹಾರ್ಡ್‌ಡಿಸ್ಕಿಗೆ ಹಾಕಿ ಮಂಡ್ಯದ ಅಕ್ಕನ ಮನೆಗೂ ಕೊಟ್ಟೆವು. ಒಂದೇ ಡಿಸ್ಕನ್ನು ನಂಬಿ ಕೂರುವ ಹಾಗಿಲ್ಲ. ಅದು ಯಾವತ್ತಾದರೂ ಕೆಡುವ ವಸ್ತು.

ಆ ಸಂಜೆ

ಭಾನುವಾರ ಸಂಜೆ ಅಕ್ಕ, ಭಾವ ಎಲ್ಲ ಬಂದರು. ಚಪ್ಪರ, ಓಲಗ, ಧಾರೆ, ಎಲ್ಲ ಎಲ್ಲೂ ನಿಲ್ಲದೆ ಓಡಿತು. ಹಸೆಮಣೆಯ ಪಕ್ಕ ಹಸಿರು ಸೀರೆಯ ಮುತ್ತಜ್ಜಿ ಕಂಡರು. ಹಾಡು ಶುರುವಾಯಿತು. ಎರಡು ಸಾಲು ಹಾಡುವಷ್ಟರಲ್ಲಿ ವಿಡಿಯೊದವನು ಕ್ಯಾಮೆರಾ ಊಟದ ಪಂಕ್ತಿಯ ಕಡೆ ತಿರುಗಿಸಿಬಿಟ್ಟಿದ್ದ. ದನಿ ತಮಟೆಯಲ್ಲಿ ಮುಳುಗಿತು.

ಅಷ್ಟೇನಾ ಎಂದು ನಾವೆಲ್ಲ ಮುಖ ನೋಡಿಕೊಂಡೆವು. ಆಗ ಮಂಚದ ಮೇಲಿಂದ ಮೂರನೇ ಸಾಲು ಕೇಳಿಸಿತು. ತಾತ ಕಣ್ಣು ಮುಚ್ಚಿ ಹಾಡುತ್ತಿದ್ದರು! ಅವರು ಹಾಡಿದ್ದನ್ನು ನಾನು ಅದುವರೆಗೆ ಕೇಳಿಯೇ ಇರಲಿಲ್ಲ. ಮಗಳು ಸದ್ದಿಲ್ಲದೆ ಫೋನಿನ ರೆಕಾರ್ಡರ್ ಒತ್ತಿದಳು. ಆ ಹಾಡೂ ಈಗ ಅದೇ ಕಂಪ್ಯೂಟರಿನಲ್ಲಿ, ಮುತ್ತಜ್ಜಿಯ ಕಡತದ ಪಕ್ಕದಲ್ಲೇ ಇದೆ.

ಅಜ್ಜ ಅಜ್ಜಿಯರೇ, ನಿಮ್ಮ ಅಟ್ಟದಲ್ಲೂ ಒಂದು ಕ್ಯಾಸೆಟ್ಟು ಇರಬಹುದು. ಈ ರಜೆಯಲ್ಲಿ ಮೊಮ್ಮಕ್ಕಳನ್ನು ಕೂಗಿ, ಕೆಳಗೆ ಇಳಿಸಿ.

ನೀವೂ ಮಾಡಿ ನೋಡಿ

• ಮನೆಯ ನಕ್ಷೆ ಬರೆಯಿರಿ. ಫೋನಿನಲ್ಲಿ ಪ್ರತಿ ಕೋಣೆಯ ವೈಫೈ ವೇಗ ಅಳೆದು ಅದರ ಮೇಲೆ ಬರೆಯಿರಿ.
• ರೂಟರ್ ಎತ್ತರದಲ್ಲಿರಲಿ. ಬೀರು, ಫ್ರಿಜ್ಜು, ಮೈಕ್ರೊವೇವ್ ಒಲೆಯಿಂದ ದೂರವಿರಲಿ.
• ತೊಂದರೆ ಬಂದರೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ: ಮೊದಲು ಕಡತ, ಆಮೇಲೆ ಕಂಪ್ಯೂಟರ್, ಕೊನೆಗೆ ದಾರಿ.
• ಜಾಗ ಬದಲಿಸದ ಟಿವಿ, ಕಂಪ್ಯೂಟರಿಗೆ ತಂತಿ. ಕೈಯಲ್ಲಿ ಓಡಾಡುವ ಫೋನಿಗೆ ವೈಫೈ.
• ಮನೆಯ ಹಳೆಯ ಫೋಟೊ, ವಿಡಿಯೊಗಳಿಗೆ ಎರಡು ಪ್ರತಿ ಇರಲಿ. ಒಂದು ಬೇರೆ ಊರಿನ ನೆಂಟರ ಮನೆಯಲ್ಲಿರಲಿ.