ಕಣ್ಣು ಕೊಡಬಹುದು, ಮಾರಬಾರದು

ಮಕ್ಕಳೇ, ನಿಮ್ಮ ಗೆಳೆಯರ ಕಣ್ಣನ್ನು ಪಕ್ಕದಿಂದ ನೋಡಿ. ಕಪ್ಪು ಭಾಗದ ಮುಂದೆ ಕೈಗಡಿಯಾರದ ಗಾಜಿನಂತೆ ಉಬ್ಬಿದ ಪಾರದರ್ಶಕ ಪದರ ಕಾಣುತ್ತದೆಯಲ್ಲವೇ? ಅದೇ ಕಾರ್ನಿಯಾ. ದಪ್ಪ ಸುಮಾರು ಅರ್ಧ ಮಿಲಿಮೀಟರ್. ಬೆಳಕು ಇದನ್ನು ದಾಟಿಯೇ ಕಣ್ಣಿನೊಳಗೆ ಹೋಗಬೇಕು.

ನಮ್ಮ ಕುಮಾರಪಟ್ಟಣದ ಸುತ್ತಲಿನ ಹೊಲಗದ್ದೆಗಳಲ್ಲಿ ದುಡಿಯುವಾಗ ಭತ್ತದ ಹೊಟ್ಟೋ ಗೋವಿನಜೋಳದ ಎಲೆಯ ಅಂಚೋ ಕಣ್ಣಿಗೆ ತಾಗುವುದುಂಟು. ಆ ಗಾಯಕ್ಕೆ ಎಲೆರಸ ಹಿಂಡದೆ ಕೂಡಲೇ ವೈದ್ಯರಿಗೆ ತೋರಿಸಬೇಕು. ಸೋಂಕು ತಗುಲಿದರೆ ಕಾರ್ನಿಯಾ ಬೆಳ್ಳಗಾಗಿ ಬೆಳಕನ್ನು ತಡೆಯುತ್ತದೆ. ಆಗ ಕನ್ನಡಕ ಸಾಲದು. ಮೃತರೊಬ್ಬರು ದಾನ ಮಾಡಿದ ಕಾರ್ನಿಯಾವನ್ನು ಕಸಿ ಮಾಡಬೇಕಾಗುತ್ತದೆ.

ಇಂತಹ ಕಸಿ 1905ರಲ್ಲೇ ಯಶಸ್ವಿಯಾಯಿತು. ಸುಣ್ಣ ಬಿದ್ದು ಕಣ್ಣು ಕಳೆದುಕೊಂಡಿದ್ದ ಕೂಲಿಕಾರನೊಬ್ಬನಿಗೆ ಎಡುವರ್ಡ್ ಜಿರ್ಮ್ ಎಂಬ ಯುರೋಪಿನ ವೈದ್ಯರು ಇದನ್ನು ಮಾಡಿದರು. ಮೂತ್ರಪಿಂಡದ ಕಸಿ ಯಶಸ್ವಿಯಾದದ್ದು 1954ರಲ್ಲಿ. ಏಕೆ ಇಷ್ಟು ತಡ? ರಕ್ತದ ಬಿಳಿ ಕಣಗಳು ಹೊರಗಿನಿಂದ ಬಂದ ಅಂಗವನ್ನು ಶತ್ರುವೆಂದು ಎದುರಿಸುತ್ತವೆ. ಕಾರ್ನಿಯಾದಲ್ಲಿ ರಕ್ತನಾಳಗಳೇ ಇಲ್ಲ. ಅದು ಹೆಚ್ಚಿನ ಆಮ್ಲಜನಕವನ್ನು ಗಾಳಿಯಿಂದ, ಕಣ್ಣೀರಿನ ಮೂಲಕ ಪಡೆಯುತ್ತದೆ. ಆದ್ದರಿಂದ ಅಲ್ಲಿ ಈ ಎದುರಾಟ ಕಡಿಮೆ.

ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡಾಗ ಕುಟುಂಬದವರು ಅವರ ಕಣ್ಣುಗಳನ್ನು ದಾನ ಮಾಡಿದರು. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಪ್ರತಿ ಕಾರ್ನಿಯಾವನ್ನೂ ಮುಂಪದರ, ಹಿಂಪದರ ಎಂದು ಬೇರ್ಪಡಿಸಿದರು. ಮುಂಭಾಗ ಕೆಟ್ಟಿದ್ದ ಇಬ್ಬರಿಗೆ ಮುಂಪದರ, ಹಿಂಭಾಗ ಕೆಟ್ಟಿದ್ದ ಇಬ್ಬರಿಗೆ ಹಿಂಪದರ ಕಸಿಯಾಯಿತು. ಎರಡು ಕಣ್ಣು, ನಾಲ್ವರಿಗೆ ದೃಷ್ಟಿ! ಅವರ ತಂದೆ ಡಾ. ರಾಜ್‌ಕುಮಾರ್ ಅವರ ಕಣ್ಣುಗಳೂ 2006ರಲ್ಲಿ ದಾನವಾಗಿದ್ದವು.

ಇಷ್ಟು ಬೆಲೆಯುಳ್ಳ ಅಂಗಗಳನ್ನು ಮಾರಿದರೆ ತಪ್ಪೇನು ಎಂದು ನೀವು ಕೇಳಬಹುದು. ಮಾರಲು ಬಿಟ್ಟರೆ ಸಾಲದಲ್ಲಿ ಸಿಕ್ಕವರು ಮೈಯ ಭಾಗ ಮಾರುತ್ತಾರೆ, ಹಣವಿದ್ದವರು ಕೊಳ್ಳುತ್ತಾರೆ. ಅದಕ್ಕೆಂದೇ 1994ರ ಕಾಯ್ದೆ ಅಂಗಗಳ ವ್ಯಾಪಾರವನ್ನು ನಿಷೇಧಿಸಿತು. 2011ರ ತಿದ್ದುಪಡಿ ಅಂಗಾಂಶಗಳನ್ನೂ ಸೇರಿಸಿತು.

ಹಾಗೆಯೇ ಯಾರನ್ನೂ ಒತ್ತಾಯಿಸುವಂತಿಲ್ಲ. ಬಲವಂತದಿಂದ ಪಡೆದದ್ದು ದಾನವಲ್ಲ. ಮರಣದ ನಂತರ ಸುಮಾರು 6 ಗಂಟೆಯೊಳಗೆ ಕಣ್ಣನ್ನು ಪಡೆಯಬೇಕು, ಅದಕ್ಕೆ ಮನೆಯವರು ಒಪ್ಪಬೇಕು. ದುಃಖದ ಆ ಹೊತ್ತಿನಲ್ಲಿ ಹೊಸದಾಗಿ ಯೋಚಿಸುವುದು ಕಷ್ಟ. ಆದ್ದರಿಂದ ಎಲ್ಲರೂ ನಗುನಗುತ್ತಾ ಇರುವಾಗಲೇ ಮನೆಯಲ್ಲಿ ಈ ಮಾತು ತೆಗೆಯಿರಿ. ‘ನನಗೆ ಸಕ್ಕರೆ ಕಾಯಿಲೆ, ಕಣ್ಣಿನ ಪೊರೆಯನ್ನೂ ತೆಗೆಸಿದ್ದೇನೆ, ನನ್ನ ಕಣ್ಣು ಯಾರಿಗೆ ಬೇಕು?’ ಎಂದು ಅಜ್ಜಿ ಕೇಳಿದರೆ, ‘ಅವರೂ ಕೊಡಬಹುದಂತೆ ಅಜ್ಜಿ’ ಎಂದು ತಿಳಿಸಿ.